ಅಮ್ಮನ ಮಂಡಿಗೆ ಪಿಆರ್‌ಪಿ, ನನ್ನ ಮುಖಕ್ಕೂ ಪಿಆರ್‌ಪಿ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು

ಪೂರ್ತಿ ಓದುವಷ್ಟು ಸಮಯ ಇಲ್ಲದವರಿಗೆ ಮೊದಲೇ ಹೇಳಿಬಿಡುತ್ತೇನೆ. ಮಂಡಿ ಸವೆತ ಇನ್ನೂ ಶುರುವಿನ ಅಥವಾ ಮಧ್ಯದ ಹಂತದಲ್ಲಿದ್ದು, ಡಾಕ್ಟರು ನೇರವಾಗಿ ಮಾತಾಡುವವರಾಗಿದ್ದು, ಜೊತೆಗೆ ವ್ಯಾಯಾಮ ಮಾಡುವ ಮನಸ್ಸಿದ್ದರೆ ಪಿಆರ್‌ಪಿ ಇಂಜೆಕ್ಷನ್, ಅಂದರೆ ನಮ್ಮದೇ ರಕ್ತದ ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗ ತೆಗೆದು ಚುಚ್ಚುವುದು, ಒಂದು ಸಲ ನೋಡಬಹುದು. ಮುಖಕ್ಕೆ ಅದೇ ಪಿಆರ್‌ಪಿ ಮಾಡಿಸಿದ್ದರಲ್ಲಿ ಕೊಟ್ಟ ದುಡ್ಡಿಗೆ ಸಿಕ್ಕಿದ್ದು ಕಮ್ಮಿ. ಇನ್ನು ಸ್ಟೆಮ್ ಸೆಲ್ (ಬೇರೆ ಬೇರೆ ಥರದ ಕೋಶಗಳಾಗಿ ಬೆಳೆಯಬಲ್ಲ ಮೂಲ ಕೋಶ) ಪ್ಯಾಕೇಜ್ ಅಂತ ಯಾರಾದರೂ ಕೂರಿಸಿಕೊಂಡು ಲಕ್ಷದ ಲೆಕ್ಕ ಹೇಳಿದರೆ ಚೀಲ ತಗೊಂಡು ಎದ್ದು ಬನ್ನಿ. ಯಾಕೆ ಅಂತ ಕೆಳಗೆ ಬರೆದಿದ್ದೇನೆ. ಸ್ವಲ್ಪ ಉದ್ದ ಇದೆ.

ನಮ್ಮಮ್ಮ ತಿಪಟೂರಿನವರು, ಅರವತ್ತು ದಾಟಿದೆ. ಜೀವನ ಪೂರ್ತಿ ನೆಲದ ಮೇಲೆ ಕೂತು ಈಳಿಗೆ ಮಣೆಯಲ್ಲಿ ತರಕಾರಿ ಹೆಚ್ಚಿ, ಕಾಯಿ ತುರಿದು, ಎದ್ದು, ಮತ್ತೆ ಕೂತು ಕೆಲಸ ಮಾಡಿದವರು. ಬಲಗಡೆ ಮಂಡಿ ಮೆಟ್ಟಿಲು ಇಳಿಯುವಾಗ ಹಿಡಿದುಕೊಳ್ಳೋದು ಶುರುವಾಗಿ, ಆಮೇಲೆ ರಾತ್ರಿ ಮಲಗಿದರೂ ನೋವು ಅನ್ನುವ ಹಂತಕ್ಕೆ ಬಂತು. ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ಅನ್ನುವ ನೋವಿನ ಮಾತ್ರೆ ತಂದು ನುಂಗುತ್ತಿದ್ದರು. ಬಿಪಿ ಇರುವವರು ಅದನ್ನು ಹೀಗೆ ತಿಂಗಳುಗಟ್ಟಲೆ ತಗೊಂಡರೆ ಕಿಡ್ನಿಗೂ ಹೊಟ್ಟೆಗೂ ಪೆಟ್ಟು, ಅದಕ್ಕೇ ಬೆಂಗಳೂರಿಗೆ ಕರೆಸಿಕೊಂಡೆ.

ಬೆಂಗಳೂರಲ್ಲಿ ಈಗ ಯಾವ ಕಡೆ ತಿರುಗಿದರೂ ಒಂದು ಬೋರ್ಡು. ಆಪರೇಷನ್ ಬೇಡ, ಮಂಡಿ ನೋವಿಗೆ ಶಾಶ್ವತ ಪರಿಹಾರ, ನಿಮ್ಮದೇ ರಕ್ತದಿಂದ ಚಿಕಿತ್ಸೆ ಅಂತ. ಅದೇ ಬೋರ್ಡಿನ ಇನ್ನೊಂದು ಪಕ್ಕದಲ್ಲಿ ಸುಕ್ಕಿಲ್ಲದ ಮುಖದ ಒಬ್ಬ ಹುಡುಗಿ. ಮಂಡಿ ಮತ್ತು ಮುಖ ಎರಡನ್ನೂ ಒಂದೇ ಕಡೆ ನೋಡುವ ಜಾಗಗಳು ಇವು. ನಾವು ಮೊದಲು ಹೋಗಿದ್ದು ಅಂಥದ್ದಕ್ಕೇ. ಹೆಸರು ಹಾಕುವುದಿಲ್ಲ, ಇದೇ ಥರದ ಜಾಗಗಳು ಊರು ತುಂಬ ಇವೆ.

ಒಳಗೆ ಹೋದರೆ ಎಸಿ, ಸೋಫಾ, ಗ್ರೀನ್ ಟೀ. ಡಾಕ್ಟರಿಗಿಂತ ಮೊದಲು ಒಬ್ಬರು ಕೌನ್ಸೆಲರ್ ಬಂದರು. ಅಮ್ಮನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಆಂಟಿ, ಕಾರ್ಟಿಲೇಜ್ ಪೂರ್ತಿ ಹೋಗಿದೆ, ಆದ್ರೆ ಟೆನ್ಷನ್ ಬೇಡ, ಹೊಟ್ಟೆಯಿಂದ ಸ್ವಲ್ಪ ಕೊಬ್ಬು ತಗೊಂಡು ಅದರಲ್ಲಿರೋ ಸ್ಟೆಮ್ ಸೆಲ್ ಮಂಡಿಗೆ ಹಾಕ್ತೀವಿ, ಹೊಸದು ಬೆಳೆಯುತ್ತೆ" ಅಂದರು. ಕಾರ್ಟಿಲೇಜ್ ಅಂದರೆ ಕೀಲಿನಲ್ಲಿ ಮೂಳೆಯ ತುದಿ ಮುಚ್ಚಿರುವ ನುಣುಪಾದ ಪದರ. ಎರಡೂ ಮಂಡಿಗೆ ಸೇರಿ 1,80,000 ರೂಪಾಯಿ. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಇಪ್ಪತ್ತು ಸಾವಿರ ಕಮ್ಮಿ, ಜೊತೆಗೆ ನನಗೆ ಮುಖಕ್ಕೆ ಒಂದು ಸಿಟ್ಟಿಂಗ್ ಫ್ರೀ. ಅಮ್ಮನ ಎಡ ಮಂಡಿಯಲ್ಲಿ ನೋವೇ ಇರಲಿಲ್ಲ! ಮಂಡಿಯನ್ನು ಒಬ್ಬರೂ ಮುಟ್ಟಿ ನೋಡಿರಲಿಲ್ಲ. ಆಮೇಲೆ ಬಂದ ಡಾಕ್ಟರು ಎರಡು ನಿಮಿಷ ಕೂತು ಕೌನ್ಸೆಲರ್ ಹೇಳಿದ್ದನ್ನೇ ಮತ್ತೆ ಹೇಳಿ ಹೋದರು. ಯೋಚನೆ ಮಾಡಿ ಹೇಳ್ತೀವಿ ಅಂತ ಬಂದ ಮೇಲೂ ಫೋನ್ ಬರುವುದು ನಿಲ್ಲಲಿಲ್ಲ. ಹಬ್ಬದ ಆಫರ್ ಅಂತೆ. ಮಂಡಿಗೆ ಹಬ್ಬದ ಆಫರ್ ಕೊಡುವವರ ಮೇಲೆ ನನಗೆ ನಿಜವಾಗಿ ಸಿಟ್ಟು ಬಂತು, ಯಾಕೆಂದರೆ ಅಲ್ಲಿ ಕೂತಿದ್ದವರಲ್ಲಿ ಹೆಚ್ಚಿನವರು ನಮ್ಮಮ್ಮನ ಥರದವರು. ನೋವು ತಡೆಯಲಾರದೆ, ಮಕ್ಕಳಿಗೆ ತೊಂದರೆ ಆಗಬಾರದು ಅಂತ ಪಿಂಚಣಿ ದುಡ್ಡು, ಎಫ್‌ಡಿ ಮುರಿದ ದುಡ್ಡು ತಂದು ಕೂತಿರುವವರು.

ಈ ಸ್ಟೆಮ್ ಸೆಲ್ ವಿಷಯ ಮೊದಲು ಮುಗಿಸಿಬಿಡುತ್ತೇನೆ. ನಮ್ಮ ದೇಶದಲ್ಲಿ ಇದಕ್ಕೆ ನಿಯಮ ಇದೆ. ಕೇಂದ್ರದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಹೊರಡಿಸಿದ ಮಾರ್ಗಸೂಚಿ ಪ್ರಕಾರ ಒಪ್ಪಿಗೆಯಾದ ಸ್ಟೆಮ್ ಸೆಲ್ ಚಿಕಿತ್ಸೆ ಅಂದರೆ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು. ಉಳಿದಿದ್ದೆಲ್ಲ ನೋಂದಣಿಯಾದ ಪ್ರಯೋಗದ ಒಳಗೆ ಮಾತ್ರ. ಪ್ರಯೋಗಕ್ಕೆ ಸೇರಿದ ರೋಗಿಯಿಂದ ಆ ಚಿಕಿತ್ಸೆಗೆ ದುಡ್ಡು ಕೇಳುವ ಹಾಗಿಲ್ಲ. ಹಾಗಾಗಿ ಯಾರಾದರೂ "ಇದು ಟ್ರಯಲ್ ಥರ, ಆದ್ರೆ ಇಷ್ಟು ಕಟ್ಟಬೇಕು" ಅಂದರೆ ಅಲ್ಲೇ ತಪ್ಪು ಗೊತ್ತಾಗುತ್ತದೆ. ಮಂಡಿಗೆ ಒಂದು ವಿನಾಯಿತಿ ಇದೆ, ಅದೂ ನಮ್ಮ ಬೆಂಗಳೂರಿನದ್ದೇ. ಸ್ಟೆಂಪ್ಯುಟಿಕ್ಸ್ ಅನ್ನುವ ಇಲ್ಲಿನ ಕಂಪನಿ ದಾನಿಗಳ ಅಸ್ಥಿಮಜ್ಜೆಯಿಂದ ಬೆಳೆಸಿದ ಕೋಶಗಳ ಉತ್ಪನ್ನಕ್ಕೆ 2022ರಲ್ಲಿ ಔಷಧ ನಿಯಂತ್ರಕರ ಒಪ್ಪಿಗೆ ಸಿಕ್ಕಿತು, ಅಲ್ಕೆಮ್ ಅನ್ನುವ ಔಷಧ ಕಂಪನಿ ಅದನ್ನು ಸ್ಟೆಮ್‌ಒನ್ ಹೆಸರಲ್ಲಿ ಮಾರುಕಟ್ಟೆಗೆ ತಂದಿತು, 2 ಮತ್ತು 3ನೇ ಗ್ರೇಡಿನ, ಅಂದರೆ ಶುರುವಿನ ಮತ್ತು ಮಧ್ಯದ ಹಂತದ ಮಂಡಿ ಸವೆತಕ್ಕೆ. ಅದು ಕಂಪನಿಯಿಂದ ಬ್ಯಾಚ್ ನಂಬರ್ ಸಮೇತ ಬರುವ ಔಷಧ. ನಿಮ್ಮ ಹೊಟ್ಟೆಯ ಕೊಬ್ಬು ತೆಗೆದು ಪಕ್ಕದ ರೂಮಿನಲ್ಲಿ ಏನೋ ಮಾಡಿ ವಾಪಸ್ ಚುಚ್ಚುವುದಕ್ಕೂ ಇದಕ್ಕೂ ಸಂಬಂಧ ಇಲ್ಲ. ಆದ್ದರಿಂದ ಸ್ಟೆಮ್ ಸೆಲ್ ಅಂದ ಕೂಡಲೇ ಒಂದೇ ಪ್ರಶ್ನೆ ಕೇಳಿ: ಔಷಧದ ಹೆಸರೇನು, ಡಬ್ಬಿ ತೋರಿಸಿ. ನಾನು ಕೇಳಿದಾಗ ಕೌನ್ಸೆಲರ್ "ಅದು ನಮ್ಮ ಓನ್ ಟೆಕ್ನಾಲಜಿ ಮೇಡಂ" ಅಂದರು. ನನಗೆ ಉತ್ತರ ಸಿಕ್ಕಿತು.

ಆಮೇಲೆ ನಮ್ಮ ಚಿಕ್ಕಪ್ಪ ಹೇಳಿದ ಒಬ್ಬ ಮೂಳೆ ಡಾಕ್ಟರ ಹತ್ತಿರ ಹೋದೆವು. ಸಾಧಾರಣ ಆಸ್ಪತ್ರೆ, ಪ್ಲಾಸ್ಟಿಕ್ ಕುರ್ಚಿ, ಟೋಕನ್ ಹಿಡಿದು ಕಾಯಬೇಕು. ಸೋಫಾ ಇಲ್ಲ. ಆದರೆ ಒಳಗೆ ಹೋದ ಮೇಲೆ ಡಾಕ್ಟರು ಅಮ್ಮನನ್ನು ರೂಮಿನ ಈ ತುದಿಯಿಂದ ಆ ತುದಿಗೆ ನಡೆಸಿದರು, ಒಂದು ಮೆಟ್ಟಿಲ ಸ್ಟೂಲ್ ಹತ್ತಿಸಿ ಇಳಿಸಿದರು, ಮಲಗಿಸಿ ಮಂಡಿ ಮಡಚಿ ಕೈ ಇಟ್ಟು ಕಟಕಟ ಶಬ್ದ ನೋಡಿದರು, ತೊಡೆಯ ಸ್ನಾಯು ಒತ್ತಿ ನೋಡಿ, "ಅಮ್ಮಾ, ಮಂಡಿಗಿಂತ ತೊಡೆ ವೀಕ್ ಆಗಿದೆ" ಅಂದರು. ಹಳೆ ಎಕ್ಸ್‌ರೇ ಮಲಗಿಸಿ ತೆಗೆದಿದ್ದಂತೆ, ನಿಂತುಕೊಂಡು ಹೊಸದು ತೆಗೆಸಿದರು. ಇದು ಮುಖ್ಯ. ಮೈಭಾರ ಬಿದ್ದಾಗ ಮೂಳೆ ಮೂಳೆ ಮಧ್ಯೆ ಎಷ್ಟು ಜಾಗ ಉಳಿದಿದೆ ಅನ್ನೋದು ನಿಂತಾಗಲೇ ಕಾಣೋದು. ಬಲ ಮಂಡಿ ಗ್ರೇಡ್ 2. ಪೂರ್ತಿ ಹೋಗಿದೆ ಅಂತ ಆ ಕೌನ್ಸೆಲರ್ ಹೇಳಿದ್ದು ಇದೇ ಮಂಡಿಯನ್ನು. ಸವೆತವನ್ನು ಡಾಕ್ಟರುಗಳು 0ಯಿಂದ 4ರವರೆಗೆ ಅಳೆಯುತ್ತಾರೆ, ಕೆಲ್‌ಗ್ರೆನ್ ಲಾರೆನ್ಸ್ ಅಂತ 1957ರಿಂದ ಬಳಕೆಯಲ್ಲಿರುವ ಅಳತೆ. ನಿಮ್ಮ ರಿಪೋರ್ಟಿನಲ್ಲಿ ಆ ನಂಬರ್ ಬರೆಸಿಕೊಳ್ಳಿ. ಆ ನಂಬರ್ ಗೊತ್ತಿಲ್ಲದೆ ಯಾವ ಇಂಜೆಕ್ಷನ್ನಿಗೂ ದುಡ್ಡು ಕಟ್ಟಬೇಡಿ.

ಪಿಆರ್‌ಪಿ ಮಾತು ತೆಗೆದಿದ್ದು ನಾವೇ. ಡಾಕ್ಟರು ಹೇಳಿದ್ದು ಇಷ್ಟು: "ನೋವು ಕಮ್ಮಿ ಆಗಬಹುದು. ಸವೆದಿದ್ದು ವಾಪಸ್ ಬರಲ್ಲ." ಅಮ್ಮ, "ಎಷ್ಟು ದಿನ ಇರುತ್ತೆ ಸಾರ್?" ಅಂದರು. "ಕೆಲಸ ಮಾಡಿದ್ರೆ ಆರು ತಿಂಗಳು, ಒಂದು ವರ್ಷ. ಏನೂ ಆಗದೇ ಇರೋರೂ ಇದಾರೆ ಅಮ್ಮಾ, ದುಡ್ಡು ಕೊಡೋ ಮೊದಲೇ ಹೇಳ್ತಿದ್ದೀನಿ." ಈ ಎರಡು ಮಾತಿಗೆ ನಾನು ಈ ಡಾಕ್ಟರಿಗೆ ಐದಕ್ಕೆ ಐದು ಕೊಡುತ್ತೇನೆ.

ಪಿಆರ್‌ಪಿ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ. ಡೆಂಗ್ಯೂ ಬಂದಾಗ ನಾವೆಲ್ಲ ದಿನಾ ಎಣಿಸುತ್ತೇವಲ್ಲ, ಅದೇ ಪ್ಲೇಟ್‌ಲೆಟ್. ಆರೋಗ್ಯವಂತರ ರಕ್ತದಲ್ಲಿ ಒಂದು ಮೈಕ್ರೋಲೀಟರಿಗೆ 1.5 ಲಕ್ಷದಿಂದ 4.5 ಲಕ್ಷ ಇರುತ್ತದೆ. ಗಾಯ ಆದಾಗ ಅದು ರಕ್ತ ಹೆಪ್ಪುಗಟ್ಟಿಸುವುದರ ಜೊತೆಗೆ ವಾಸಿಯಾಗಲು ಬೇಕಾದ ಕೆಲವು ಪ್ರೋಟೀನ್‌ಗಳನ್ನೂ ಬಿಡುತ್ತದೆ. ನಮ್ಮದೇ ರಕ್ತ ತೆಗೆದು, ಯಂತ್ರದಲ್ಲಿ ತಿರುಗಿಸಿ, ಪ್ಲೇಟ್‌ಲೆಟ್ ದಟ್ಟವಾಗಿರುವ ಭಾಗವನ್ನು ಮಾತ್ರ ತೆಗೆದು ನೋವಿರುವ ಕಡೆ ಚುಚ್ಚುವುದು, ಅಷ್ಟೇ. ಮಂಡಿಯ ಕಾರ್ಟಿಲೇಜಿಗೆ ರಕ್ತನಾಳವೇ ಇಲ್ಲ, ಅದಕ್ಕೇ ಅದು ತಾನಾಗಿ ವಾಸಿಯಾಗಲ್ಲ, ರಕ್ತದ ಒಳ್ಳೆ ಅಂಶವನ್ನು ನಾವೇ ಅಲ್ಲಿಗೆ ತಲುಪಿಸೋಣ ಅನ್ನೋದು ಇದರ ಹಿಂದಿರುವ ಯೋಚನೆ. ಯೋಚನೆ ಚೆನ್ನಾಗಿದೆ. ಹಾಗೇ ಆಗುತ್ತದಾ ಅನ್ನೋದು ಬೇರೆ ಪ್ರಶ್ನೆ, ಅದಕ್ಕೆ ಬರುತ್ತೇನೆ.

ಇಂಜೆಕ್ಷನ್ನಿಗೆ ಒಂದು ವಾರ ಮೊದಲೇ ಡೈಕ್ಲೊಫೆನಾಕ್ ನಿಲ್ಲಿಸಲು ಹೇಳಿದ್ದರು. ಆ ಜಾತಿಯ ನೋವಿನ ಮಾತ್ರೆಗಳು ಪ್ಲೇಟ್‌ಲೆಟ್ ಕೆಲಸಕ್ಕೇ ಅಡ್ಡಿ ಮಾಡುತ್ತವೆ. ಪ್ಯಾರಾಸಿಟಮಾಲ್ ಮಾತ್ರ ತಗೋಬಹುದು. ನಿಮ್ಮ ಕ್ಲಿನಿಕ್ಕಿನವರು ಇದನ್ನು ಕೇಳದೇ ಅದೇ ದಿನ ರಕ್ತ ತೆಗೆಯಲು ಹೊರಟರೆ ಅವರಿಗೆ ಅರ್ಜೆಂಟು ಬೇರೆ ಏನೋ ಇದೆ ಅಂತ ಅರ್ಥ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರು ಮಾತ್ರ ಸುಮ್ನೆ ತಾವೇ ನಿಲ್ಲಿಸಬಾರದು, ಅದನ್ನು ಬರೆದುಕೊಟ್ಟ ಡಾಕ್ಟರನ್ನೇ ಕೇಳಬೇಕು.

ಆ ದಿನ ನಾನು ಪಕ್ಕದಲ್ಲೇ ನಿಂತು ಎಲ್ಲ ನೋಡಿದೆ. ನರ್ಸ್ ಮೊದಲು ಟ್ಯೂಬಿನ ಮೇಲೆ ಅಮ್ಮನ ಹೆಸರು, ವಯಸ್ಸು ಬರೆದ ಚೀಟಿ ಅಂಟಿಸಿ, "ಓದಿ ಅಮ್ಮಾ, ನಿಮ್ದೇ ಅಲ್ವಾ" ಅಂತ ಅಮ್ಮನ ಕೈಲೇ ಓದಿಸಿದರು. ತೋಳಿನಿಂದ ರಕ್ತ ತೆಗೆದು ಸೆಂಟ್ರಿಫ್ಯೂಜಿಗೆ ಇಟ್ಟರು. ಸ್ವಲ್ಪ ಹೊತ್ತು ಗುಂಯ್ ಅಂತ ತಿರುಗಿ ನಿಂತಿತು. ಹೊರಗೆ ತೆಗೆದಾಗ ಟ್ಯೂಬಿನ ತಳದಲ್ಲಿ ಕಡುಗೆಂಪು, ಅದರ ಮೇಲೆ ಒಂದು ಎಳೆಯಷ್ಟು ಬೆಳ್ಳನೆಯ ಪದರ, ಅದರ ಮೇಲೆ ತಿಳಿ ಹಳದಿ ನೀರು. ಆ ಬಿಳಿ ಎಳೆಯ ಹತ್ತಿರದ ಹಳದಿಯನ್ನು ಸಿರಿಂಜಿನಲ್ಲಿ ನಿಧಾನಕ್ಕೆ ಎಳೆದುಕೊಂಡರು. ಬಿಳಿ ರಕ್ತಕಣ ಜಾಸ್ತಿ ಸೇರಿದರೆ ಕೀಲಿನೊಳಗೆ ಊತ ಹೆಚ್ಚಾಗಬಹುದು ಅಂತ ಆ ಪದರವನ್ನು ಆದಷ್ಟು ಬಿಡುತ್ತಾರಂತೆ. ಆಮೇಲೆ ಮಂಡಿಗೆ ಬೆಟಾಡಿನ್ ಬಳಿದು, ಅಲ್ಟ್ರಾಸೌಂಡ್ ಇಟ್ಟು, ಸೂಜಿ ಎಲ್ಲಿ ಹೋಗುತ್ತಿದೆ ಅಂತ ಸ್ಕ್ರೀನಿನಲ್ಲಿ ನೋಡುತ್ತಲೇ ಚುಚ್ಚಿದರು. ಅಮ್ಮ ನನ್ನ ಕೈ ಹಿಡಿದುಕೊಂಡು, "ಉರಿಯಲ್ಲ ಕಣೇ, ಒಳಗೆ ಏನೋ ತುಂಬಿದ ಹಾಗೆ ಬಿಗಿ ಆಗ್ತಿದೆ" ಅಂದರು. ಎಲ್ಲ ಸೇರಿ ಒಂದು ಗಂಟೆ ಒಳಗೆ ಮುಗಿಯಿತು. ಅಲ್ಟ್ರಾಸೌಂಡ್ ಸೇರಿ 12,000 ರೂಪಾಯಿ, ಡಾಕ್ಟರ ಫೀಸು 800 ಬೇರೆ. ಓಪಿಡಿಯಲ್ಲಿ ಮಾಡುವ ಚಿಕಿತ್ಸೆ ಅಂತ ಅಮ್ಮನ ಇನ್ಶೂರೆನ್ಸಿನಿಂದ ಒಂದು ಪೈಸೆಯೂ ಬರಲಿಲ್ಲ.

ಮೊದಲ ಎರಡು ದಿನ ನೋವು ಮೊದಲಿಗಿಂತ ಜಾಸ್ತಿ ಆಯಿತು. ಇದನ್ನು ಮುಂಚೆಯೇ ಹೇಳಿದ್ದರಿಂದ ಗಾಬರಿ ಆಗಲಿಲ್ಲ. ಆ ಸಮಯದಲ್ಲೂ ಡೈಕ್ಲೊಫೆನಾಕ್ ಮುಟ್ಟುವ ಹಾಗಿಲ್ಲ, ಅದು ಅಮ್ಮನಿಗೆ ಕಷ್ಟ ಆಯಿತು. ಜ್ವರ ಬಂದರೆ, ಮಂಡಿ ಕೆಂಪಾಗಿ ಬಿಸಿಯಾಗಿ ಊದಿಕೊಂಡರೆ ತಕ್ಷಣ ಬನ್ನಿ, ಸೋಂಕು ಇರಬಹುದು ಅಂತ ಒಂದು ಚೀಟಿಯಲ್ಲಿ ಕನ್ನಡದಲ್ಲೇ ಬರೆದು ಕೊಟ್ಟಿದ್ದರು.

ಈಗ ಫಲ. ಕೆಲವು ವಾರ ಕಳೆದ ಮೇಲೆ ರಾತ್ರಿ ನೋವು ಹೋಯಿತು. ಮೆಟ್ಟಿಲು ಇಳಿಯುವಾಗ ಇನ್ನೂ ಕಂಬಿ ಹಿಡಿಯುತ್ತಾರೆ, ಆದರೆ ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲು ಇಟ್ಟು ಇಳಿಯುವುದು ನಿಂತಿತು. ಮಾತ್ರೆ ಅಪರೂಪಕ್ಕೆ ಮಾತ್ರ. ಕೇಳಿದರೆ, "ಅರ್ಧಕ್ಕರ್ಧ ವಾಸಿ" ಅನ್ನುತ್ತಾರೆ ಅಮ್ಮ. ನನಗೆ ಇದು ದೊಡ್ಡದು.

ಆದರೆ ಇಡೀ ಹೆಸರನ್ನು ಆ ಇಂಜೆಕ್ಷನ್ನಿಗೆ ಕೊಡಲು ನಾನು ತಯಾರಿಲ್ಲ, ಕಾರಣ ಇದೆ. ಆಸ್ಟ್ರೇಲಿಯಾದಲ್ಲಿ 288 ಜನರ ಮೇಲೆ ಒಂದು ಪರೀಕ್ಷೆ ಮಾಡಿದರು, ಎಲ್ಲರೂ ಐವತ್ತು ದಾಟಿದವರು, ಅಮ್ಮನ ಹಾಗೇ ಶುರುವಿನ ಅಥವಾ ಮಧ್ಯದ ಹಂತದ ಮಂಡಿ ಸವೆತ ಇದ್ದವರು. ಹೆಚ್ಚುಕಮ್ಮಿ ಅರ್ಧ ಜನಕ್ಕೆ ವಾರಕ್ಕೊಂದರಂತೆ ಮೂರು ಪಿಆರ್‌ಪಿ, ಇನ್ನರ್ಧ ಜನಕ್ಕೆ ಬರೀ ಸಲೈನ್ ನೀರು. ಯಾರಿಗೆ ಯಾವುದು ಅಂತ ರೋಗಿಗೂ ಗೊತ್ತಿಲ್ಲ, ಚುಚ್ಚಿದ ಡಾಕ್ಟರಿಗೂ ಗೊತ್ತಿಲ್ಲ. ಒಂದು ವರ್ಷ ಆದ ಮೇಲೆ ನೋಡಿದರೆ, ಹತ್ತರ ಅಳತೆಯಲ್ಲಿ ಪಿಆರ್‌ಪಿಯವರಿಗೆ ನೋವು ಸರಾಸರಿ 2.1 ಇಳಿದಿತ್ತು, ನೀರಿನವರಿಗೆ 1.8. ಅಂದರೆ ಲೆಕ್ಕಕ್ಕೆ ಬರುವಂಥ ವ್ಯತ್ಯಾಸವೇ ಇಲ್ಲ. ಎಂಆರ್‌ಐಯಲ್ಲಿ ಕಾರ್ಟಿಲೇಜ್ ನೋಡಿದರೂ ಎರಡೂ ಗುಂಪಿನದ್ದು ಒಂದೇ ಕಥೆ. ಇದು 2021ರ ನವೆಂಬರಿನಲ್ಲಿ ಜಾಮಾ ಅನ್ನುವ ಅಮೆರಿಕದ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಬೇರೆ ಪರೀಕ್ಷೆಗಳಲ್ಲಿ, ಅದರಲ್ಲೂ ಕೀಲಿಗೆ ಜಾರುವ ಗುಣ ಕೊಡಲು ಹಾಕುವ ಹೈಲುರಾನಿಕ್ ಆಸಿಡ್ ಇಂಜೆಕ್ಷನ್ ಜೊತೆ ಹೋಲಿಸಿದವುಗಳಲ್ಲಿ, ಆರು ತಿಂಗಳು ವರ್ಷದ ಮಟ್ಟಿಗೆ ಪಿಆರ್‌ಪಿಯೇ ಮೇಲು ಅಂತಲೂ ಬಂದಿದೆ. ಅದಕ್ಕೇ ದೊಡ್ಡ ಸಂಸ್ಥೆಗಳೇ ಒಂದೊಂದು ಥರ ಹೇಳುತ್ತವೆ. ಅಮೆರಿಕದ ಮೂಳೆ ಡಾಕ್ಟರುಗಳ ಸಂಘ 2021ರಲ್ಲಿ ನೋವು ಕಮ್ಮಿ ಮಾಡಬಹುದು, ಆದರೆ ಆಧಾರ ಗಟ್ಟಿ ಇಲ್ಲ ಅಂದಿತು. ಅಲ್ಲಿನ ಕೀಲುವಾತದ ಡಾಕ್ಟರುಗಳ ಸಂಘ 2019ರಲ್ಲೇ ಮಂಡಿ ಸವೆತಕ್ಕೆ ಪಿಆರ್‌ಪಿಯೂ ಬೇಡ, ಸ್ಟೆಮ್ ಸೆಲ್ಲೂ ಬೇಡ ಅಂತ ಖಡಾಖಂಡಿತ ಹೇಳಿತ್ತು, ಒಬ್ಬೊಬ್ಬರು ತಯಾರು ಮಾಡುವ ಪಿಆರ್‌ಪಿ ಒಂದೊಂದು ಥರ ಇರುತ್ತದೆ ಅನ್ನೋದು ಅವರ ಒಂದು ಮುಖ್ಯ ಆಕ್ಷೇಪ. ಇದನ್ನೆಲ್ಲ ನಮ್ಮ ಡಾಕ್ಟರು ಒಂದೇ ವಾಕ್ಯದಲ್ಲಿ ಹೇಳಿಬಿಟ್ಟಿದ್ದರು, ಆಗದೇ ಇರೋರೂ ಇದಾರೆ ಅಂತ.

ಸ್ಟೆರಾಯ್ಡ್ ಇಂಜೆಕ್ಷನ್ ಬಗ್ಗೆಯೂ ಕೇಳಿದೆವು, ಅದು ಅಗ್ಗ, ಬೇಗ ಆರಾಮ ಕೊಡುತ್ತದೆ. ಆದರೆ ಕೆಲವೇ ವಾರ. ಮೂರು ತಿಂಗಳಿಗೊಂದರಂತೆ ಎರಡು ವರ್ಷ ಹಾಕಿಸಿಕೊಂಡವರಲ್ಲಿ, ಸಲೈನ್ ಹಾಕಿಸಿಕೊಂಡವರಿಗಿಂತ ಕಾರ್ಟಿಲೇಜ್ ಜಾಸ್ತಿ ಸವೆದಿತ್ತು ಅಂತ 2017ರ ಒಂದು ಅಧ್ಯಯನದಲ್ಲಿ ಬಂದಿದೆ. ಮಗಳ ಮದುವೆ ಇದೆ, ನಾಲ್ಕು ದಿನ ಓಡಾಡಬೇಕು ಅಂದರೆ ಒಂದು ಹಾಕಿಸಿಕೊಳ್ಳಬಹುದು, ಅದೇ ಅಭ್ಯಾಸ ಆಗಬಾರದು ಅಂದರು.

ನಿಜವಾಗಿ ದುಡ್ಡಿಗೆ ಬೆಲೆ ಬಂದಿದ್ದು ಫಿಸಿಯೋ ರೂಮಿನಲ್ಲಿ. ಇಂಜೆಕ್ಷನ್ ನೋವು ಇಳಿದ ಕೂಡಲೇ ಅಲ್ಲಿಗೆ ಕಳಿಸಿದರು, ಒಂದು ಸಲಕ್ಕೆ 400 ರೂಪಾಯಿ. ಅಲ್ಲಿನ ಹುಡುಗಿ, ಇಪ್ಪತ್ತೈದು ವರ್ಷ ಇರಬಹುದು, ಅಮ್ಮನನ್ನು ಶಾಲೆ ಮಗುವಿನ ಹಾಗೆ ಕೂರಿಸಿಕೊಂಡು ಕಲಿಸಿದಳು. ಟವೆಲ್ ಸುರುಳಿ ಸುತ್ತಿ ಮಂಡಿ ಕೆಳಗಿಟ್ಟು ಹತ್ತು ಎಣಿಸುವವರೆಗೆ ಒತ್ತಿ ಹಿಡಿಯೋದು. ಮಲಗಿ ಕಾಲು ನೇರ ಮಾಡಿ ಒಂದು ಅಡಿ ಎತ್ತೋದು. ಕೈ ಊರದೆ ಕುರ್ಚಿಯಿಂದ ಎದ್ದು ಕೂರೋದು, ಇದೇ ಅಮ್ಮನಿಗೆ ಅತಿ ಕಷ್ಟದ್ದು, ಮೊದಲು ಕುರ್ಚಿ ಮೇಲೆ ಎರಡು ದಿಂಬು ಹಾಕಿ ಎತ್ತರ ಮಾಡಿ ಶುರು ಮಾಡಿಸಿ, ಆಮೇಲೆ ಒಂದೊಂದೇ ದಿಂಬು ತೆಗೆದಳು. ತೊಡೆ ಗಟ್ಟಿ ಆದರೆ ಮಂಡಿ ಮೇಲಿನ ಹೊರೆಯನ್ನು ಸ್ನಾಯು ಹೊರುತ್ತದೆ. ತೂಕದ ಲೆಕ್ಕವನ್ನೂ ಅವಳೇ ಹೇಳಿದ್ದು: ಮೈಯಲ್ಲಿ ಒಂದು ಕೆಜಿ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿ ಮೇಲೆ ನಾಲ್ಕು ಕೆಜಿ ಭಾರ ಇಳಿಯುತ್ತದೆ. ಇದನ್ನು ಅಳೆದು ನೋಡಿ ಬರೆದಿದ್ದಾರೆ, ಸುಮ್ನೆ ಮಾತಲ್ಲ. ಅಮ್ಮ ಅವತ್ತಿನಿಂದ ರಾತ್ರಿ ಎರಡನೇ ಸಲ ಅನ್ನ ಬಡಿಸಿಕೊಳ್ಳುವುದು ಬಿಟ್ಟರು. ನೆಲದ ಮೇಲಿನ ತುರಿಯುವ ಮಣೆ ಬದಲು ಅಡುಗೆ ಕಟ್ಟೆಯ ಅಂಚಿಗೆ ಬಿಗಿ ಮಾಡುವ ತಿರುಪಿನ ತುರಿಮಣೆ ತಂದುಕೊಟ್ಟೆ, ಮೊದಲು ಮುಖ ಸಿಂಡರಿಸಿದರು, ಈಗ ಅದರಲ್ಲೇ ನಿಂತು ತುರಿಯುತ್ತಾರೆ. ಈ ಬದಲಾವಣೆಗಳು, ವ್ಯಾಯಾಮ, ಇಂಜೆಕ್ಷನ್ ಎಲ್ಲ ಹೆಚ್ಚುಕಮ್ಮಿ ಒಟ್ಟಿಗೇ ಶುರುವಾದವು. ಹಾಗಾಗಿ ಯಾರಾದರೂ ಬರೀ ಇಂಜೆಕ್ಷನ್ ಹಾಕಿಸಿಕೊಂಡು ಮನೆಗೆ ಬಂದು ಮತ್ತೆ ಈಳಿಗೆ ಮಣೆ ಮುಂದೆ ಕೂತರೆ ನಮ್ಮಮ್ಮನಿಗೆ ಬಂದ ಫಲ ಬರುತ್ತದೆ ಅಂತ ನಾನು ಹೇಳುವುದಿಲ್ಲ. ದುಡ್ಡು ಒಂದಕ್ಕೇ ಇದೆ ಅಂದರೆ ಫಿಸಿಯೋ ಆರಿಸಿಕೊಳ್ಳಿ, ಎರಡನೇ ಯೋಚನೆ ಬೇಡ.

ಇಲ್ಲಿ ಒಂದು ಮಾತು, ನಮ್ಮ ಎದುರು ಮನೆ ಆಂಟಿಗೆ ಬೇರೆ ಒಂದು ಕಡೆ ಗ್ರೇಡ್ 4 ಮಂಡಿಗೆ ಪಿಆರ್‌ಪಿ ಮೇಲೆ ಪಿಆರ್‌ಪಿ ಹಾಕಿದ್ದಾರೆ. ಮೂಳೆಗೆ ಮೂಳೆ ತಾಗಿ ಕಾಲು ಸೊಟ್ಟ ಆಗಿದೆ, ಆದರೂ ಹಾಕಿದ್ದಾರೆ. ನಮ್ಮ ಡಾಕ್ಟರನ್ನು ಕೇಳಿದಾಗ ಆ ಹಂತದಲ್ಲಿ ಇದು ದಂಡ, ಮಂಡಿ ಬದಲಿ ಆಪರೇಷನ್ ಬಗ್ಗೆ ಮಾತಾಡಬೇಕಾದ ಕಾಲ ಅಂದರು. ಆಪರೇಷನ್ ಅಂದರೆ ಖರ್ಚಿನ ಭಯ ಎಲ್ಲರಿಗೂ ಇದೆ, ನಿಜ. ಆದರೆ ಇಂಪ್ಲಾಂಟಿಗೆ ಬೇಕಾಬಿಟ್ಟಿ ರೇಟು ಹಾಕುವ ಹಾಗಿಲ್ಲ ಅಂತ ಎಷ್ಟೋ ಜನರಿಗೆ ಗೊತ್ತಿಲ್ಲ. 2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಅದಕ್ಕೆ ಮಿತಿ ಹಾಕಿತು, ಸಾಮಾನ್ಯವಾಗಿ ಬಳಸುವ ಕೋಬಾಲ್ಟ್ ಕ್ರೋಮಿಯಂ ಮಂಡಿಗೆ ಆಗ 54,720 ರೂಪಾಯಿ, ಮೇಲೆ ಜಿಎಸ್‌ಟಿ. ಆಸ್ಪತ್ರೆ, ಡಾಕ್ಟರ ಖರ್ಚು ಬೇರೆ. ಆಂಟಿ ಇಂಜೆಕ್ಷನ್ನುಗಳಿಗೆ ಸುರಿದ ದುಡ್ಡು ಆ ಕಡೆಗಾದರೂ ಹೋಗಬಹುದಿತ್ತು ಅಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಇನ್ನು ನನ್ನ ಮುಖ. ಎರಡನೇ ಹೆರಿಗೆ ಆದ ಮೇಲೆ ಎರಡೂ ಕೆನ್ನೆ ಮೇಲೆ ಬಂಗು, ಜೊತೆಗೆ ಕಾಲೇಜು ದಿನದ ಮೊಡವೆಯ ಸಣ್ಣ ಗುಳಿಗಳು. ನಾನು ಹೋಗಿದ್ದು ಅರ್ಹ ಚರ್ಮದ ಡಾಕ್ಟರ ಹತ್ತಿರವೇ, ಪಾರ್ಲರಿಗೆ ಅಲ್ಲ. ಮುಖಕ್ಕೆ ಮರಗಟ್ಟುವ ಕ್ರೀಮ್ ಹಚ್ಚಿ ಮುಕ್ಕಾಲು ಗಂಟೆ ಕೂರಿಸುತ್ತಾರೆ. ಆಮೇಲೆ ಸಣ್ಣ ಸೂಜಿಗಳಿರುವ ಪೆನ್ನಿನಂಥ ಯಂತ್ರವನ್ನು ಕೆನ್ನೆ, ಹಣೆ ಮೇಲೆ ಓಡಿಸುತ್ತಾ, ಅಮ್ಮನಿಗೆ ತೆಗೆದ ಹಾಗೇ ತೆಗೆದ ಹಳದಿ ನೀರನ್ನು ಮೇಲಿಂದ ಹಚ್ಚುತ್ತಾ ಹೋಗುತ್ತಾರೆ. ಹಣೆ ಹತ್ತಿರ, ಮೂಗಿನ ಪಕ್ಕ ಕಣ್ಣಲ್ಲಿ ನೀರು ಬರುವಷ್ಟು ಚುಚ್ಚುತ್ತದೆ. ಎರಡು ದಿನ ಮುಖ ಕೆಂಪಗೆ ಉರಿಯುತ್ತಿತ್ತು, ಆಮೇಲೆ ಸಣ್ಣಗೆ ಸಿಪ್ಪೆ ಎದ್ದು ಹೋಯಿತು. ಒಂದು ಸಿಟ್ಟಿಂಗಿಗೆ 7,500, ಅದರ ಮೇಲೆ ಶೇ 18 ಜಿಎಸ್‌ಟಿ, ಒಟ್ಟು 8,850. ಅಮ್ಮನ ಬಿಲ್ಲಿನಲ್ಲಿ ಜಿಎಸ್‌ಟಿ ಇರಲಿಲ್ಲ, ಅದು ಚಿಕಿತ್ಸೆ. ನನ್ನದು ಸೌಂದರ್ಯದ ಲೆಕ್ಕ, ಅದಕ್ಕೆ ತೆರಿಗೆ. ರೇಟು ಕೇಳುವಾಗ ತೆರಿಗೆ ಸೇರಿ ಎಷ್ಟು ಅಂತಲೇ ಕೇಳಿ.

ಒಂದು ಸುತ್ತು ಸಿಟ್ಟಿಂಗ್ ಎಲ್ಲ ಮುಗಿದು ಕೆಲವು ತಿಂಗಳಾದ ಮೇಲೆ ಮೊಡವೆ ಗುಳಿಗಳ ಅಂಚು ಸ್ವಲ್ಪ ಮೆತ್ತಗಾಗಿದೆ, ಕೈಯಾಡಿಸಿದರೆ ಚರ್ಮ ನುಣುಪು ಅನಿಸುತ್ತದೆ. ಸೂಜಿ ಚುಚ್ಚಿದ್ದಕ್ಕೇ ಚರ್ಮ ಹೊಸ ಕೊಲಾಜನ್ (ಚರ್ಮವನ್ನು ಗಟ್ಟಿಯಾಗಿಡುವ ಪ್ರೋಟೀನ್) ಮಾಡಿಕೊಳ್ಳುತ್ತದೆ, ಹಾಗಾಗಿ ಇದರಲ್ಲಿ ಪಿಆರ್‌ಪಿಯ ಪಾಲಿಗಿಂತ ಸೂಜಿಯ ಪಾಲೇ ಜಾಸ್ತಿ ಅನ್ನೋದು ನನ್ನ ಅಭಿಪ್ರಾಯ. ಬಂಗು ಮಾತ್ರ ಇದ್ದ ಹಾಗೇ ಇದೆ. ಅದಕ್ಕೆ ಕೊನೆಗೆ ಕೆಲಸ ಮಾಡಿದ್ದು ದಿನಾ ಬೆಳಿಗ್ಗೆ, ಮತ್ತೆ ಮಧ್ಯಾಹ್ನ ಇನ್ನೊಂದು ಸಲ ಹಚ್ಚುವ ಸನ್‌ಸ್ಕ್ರೀನು, ಸ್ಕೂಟರಿನಲ್ಲಿ ಹೋಗುವಾಗ ಅಗಲವಾದ ದುಪಟ್ಟಾ, ಮತ್ತು ರಾತ್ರಿ ಡಾಕ್ಟರು ಬರೆದುಕೊಟ್ಟ ಕ್ರೀಮು. ಆ ಕ್ರೀಮಿನಲ್ಲಿ ಸ್ಟೆರಾಯ್ಡ್ ಇರುತ್ತದೆ, ಡಾಕ್ಟರು ಹೇಳಿದಷ್ಟು ವಾರ ಮಾತ್ರ ಹಚ್ಚಿ ನಿಲ್ಲಿಸಬೇಕು. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ವರ್ಷಗಟ್ಟಲೆ ಫೇರ್‌ನೆಸ್ ಕ್ರೀಮಿನ ಹಾಗೆ ಹಚ್ಚಿ ಮುಖದ ಚರ್ಮ ತೆಳುವಾಗಿ, ಬಿಸಿಲಿಗೆ ಹೋದರೆ ಉರಿ ಅಂತ ಒದ್ದಾಡುವವರು ನಮ್ಮ ಕಡೆ ತುಂಬ ಜನ ಇದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನಮ್ಮಂಥ ಗೋಧಿ ಬಣ್ಣ, ಕಂದು ಬಣ್ಣದವರಿಗೆ ಇನ್ನೊಂದು ಅಪಾಯ ಇದೆ. ಸೂಜಿ ಜಾಸ್ತಿ ಆಳಕ್ಕೆ ಹೋದರೆ, ಆಮೇಲೆ ಬಿಸಿಲಿಗೆ ಹೋದರೆ, ಚುಚ್ಚಿದ ಕಡೆಯೇ ಕಪ್ಪು ಕಲೆ ಬೀಳಬಹುದು. ಕಲೆ ತೆಗೆಸಲು ಹೋಗಿ ಕಲೆ ತಂದುಕೊಂಡ ಹಾಗೆ.

ಪಾರ್ಲರಿನಲ್ಲಿ ಕಮ್ಮಿಗೆ ಮಾಡುತ್ತಾರೆ ಅಂತ ಹೋಗುವವರಿಗೆ ಇದೊಂದು ಹೇಳಲೇಬೇಕು. ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ ಲೈಸೆನ್ಸ್ ಇಲ್ಲದ ಒಂದು ಸ್ಪಾದಲ್ಲಿ ಇದೇ ಸೂಜಿ ಮತ್ತು ಪಿಆರ್‌ಪಿ ಫೇಶಿಯಲ್ ಮಾಡಿಸಿಕೊಂಡ ಮೂವರು ಹೆಂಗಸರಿಗೆ ಅಲ್ಲಿಂದಲೇ ಎಚ್‌ಐವಿ ತಗುಲಿರುವ ಸಾಧ್ಯತೆ ಹೆಚ್ಚು ಅಂತ ಅಲ್ಲಿನ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ 2024ರ ಏಪ್ರಿಲಿನಲ್ಲಿ ವರದಿ ಕೊಟ್ಟಿತು. ಒಬ್ಬರ ರಕ್ತ, ಒಬ್ಬರ ಸೂಜಿ ಇನ್ನೊಬ್ಬರಿಗೆ ಹೋದರೆ ಹೀಗೇ. ಸೂಜಿಯ ತುದಿ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಬೇಕು, ಕೆಲಸ ಮುಗಿದ ಮೇಲೆ ನಿಮ್ಮೆದುರೇ ಬಿಸಾಡಬೇಕು, ಟ್ಯೂಬಿನ ಮೇಲೆ ನಿಮ್ಮ ಹೆಸರಿರಬೇಕು. ಕೇಳಲು ಸಂಕೋಚ ಬೇಡ. ನನ್ನ ಡಾಕ್ಟರು ಕೇಳುವ ಮೊದಲೇ ತೋರಿಸಿದರು.

ಮೊಬೈಲ್ ತೆರೆದರೆ ಈಗ ಎಕ್ಸೋಸೋಮ್ (ಕೋಶಗಳು ಹೊರಬಿಡುವ ಸೂಕ್ಷ್ಮ ಕಣ), ಸಾಲ್ಮನ್ ಮೀನಿನ ಡಿಎನ್‌ಎ ಅಂತ ಹೊಸ ಜಾಹೀರಾತು. ಎಕ್ಸೋಸೋಮ್ ಉತ್ಪನ್ನ ಒಂದಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿಲ್ಲ. ನಾನು ಮಾಡಿಸಿಲ್ಲ, ಮಾಡಿಸುವುದೂ ಇಲ್ಲ.

ಅಂಕ ಕೊಡುವುದಾದರೆ ಮಂಡಿ ಪಿಆರ್‌ಪಿಗೆ ಐದಕ್ಕೆ ಮೂರು, ಮುಖದ ಪಿಆರ್‌ಪಿಗೆ ಎರಡು, ಫಿಸಿಯೋಗೆ ಐದು. ಮೊದಲು ಹೋದ ಕ್ಲಿನಿಕ್ಕಿಗೆ ಸೊನ್ನೆ. ಅಮ್ಮನಿಗೆ ನೋವು ಮತ್ತೆ ಬಂದರೆ ಇನ್ನೊಂದು ಸಲ ಹಾಕಿಸುತ್ತೀರಾ ಅಂತ ಅಕ್ಕ ಕೇಳಿದಳು. ಆಗ ಮತ್ತೆ ನಿಂತು ಎಕ್ಸ್‌ರೇ ತೆಗೆಸಿ, ಗ್ರೇಡ್ ಅಷ್ಟೇ ಇದ್ದರೆ ಹಾಕಿಸುತ್ತೇನೆ. ಮೇಲೆ ಹೋಗಿದ್ದರೆ ಇಲ್ಲ.

ಹೋಗುವವರಿಗೆ ಇನ್ನು ಎರಡು ಸಣ್ಣ ವಿಷಯ. ಕರ್ನಾಟಕದಲ್ಲಿ ಯಾವ ಖಾಸಗಿ ಕ್ಲಿನಿಕ್ ಆದರೂ ಕೆಪಿಎಂಇ (ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಪತ್ರವನ್ನು ಎಲ್ಲರಿಗೂ ಕಾಣುವ ಹಾಗೆ ಹಾಕಿರಬೇಕು, ಒಳಗೆ ಹೋದ ಕೂಡಲೇ ಗೋಡೆ ನೋಡಿ, ಕಾಣದಿದ್ದರೆ ಕೇಳಿ. ಮತ್ತೆ, ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವ ಮೊದಲು ಲಿಫ್ಟ್ ಇದೆಯಾ, ಕಮೋಡ್ ಇದೆಯಾ ಅಂತ ಫೋನಿನಲ್ಲೇ ವಿಚಾರಿಸಿಕೊಳ್ಳಿ. ನಾವು ಹೋದ ಆಸ್ಪತ್ರೆಯಲ್ಲಿ ಫಿಸಿಯೋ ರೂಮು ನೆಲಮಹಡಿಯಲ್ಲೇ ಇದೆ, ಆದರೆ ಎಕ್ಸ್‌ರೇ ಎರಡನೇ ಮಹಡಿಯಲ್ಲಿ, ಲಿಫ್ಟಿಗೆ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಉದ್ದ ಸಾಲು. ಮಧ್ಯಾಹ್ನ ಮೂರರ ಮೇಲೆ ಹೋದರೆ ಆರಾಮ.